ಒತ್ತು ಶಾವಿಗೆ: ಒರಳನ್ನು ಬೈಯುವ ಮೊದಲು ಹಿಟ್ಟು ನೋಡಿ

ಬೆಂದ ಅಕ್ಕಿ ಹಿಟ್ಟಿನ ಉಂಡೆಯನ್ನು ಎಳೆ ಎಳೆಯಾಗಿ ಒತ್ತುವ ಶಾವಿಗೆ ಒರಳು ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿಬಿಟ್ಟಿದೆ. ಕೇಳಿದರೆ ಒಂದೇ ಮಾತು: ‘ಒತ್ತೋಕೆ ಆಗಲ್ಲ, ಕೈ ಬಿದ್ದುಹೋಗತ್ತೆ.’ ಗಂಡ ಸ್ಟ್ಯಾಂಡು ಹಿಡಿದು, ಹೆಂಡತಿ ಹಿಡಿ ತಿರುಗಿಸಿ, ಅರ್ಧಕ್ಕೇ ನಿಂತು, ಹಿಟ್ಟು ಮೇಲಿನಿಂದ ಉಕ್ಕಿ ಬರುವುದನ್ನು ಹಲವು ಅಡುಗೆಮನೆಗಳಲ್ಲಿ ನೋಡಿದ್ದೇನೆ. ಪ್ರತಿ ಸಲವೂ ಬೈಗುಳ ಒರಳಿಗೇ. ಆದರೆ ಅಲ್ಲೆಲ್ಲ ತಪ್ಪು ಇದ್ದದ್ದು ಹಿಟ್ಟಿನಲ್ಲಿ. ಚೆನ್ನಾಗಿ ಬೆಂದ, ಬಿಸಿ ಆರದ ಉಂಡೆಯಾದರೆ ಒಬ್ಬರೇ ಆರಾಮಾಗಿ ಒತ್ತಬಹುದು.

ಈ ತಿಂಡಿ ಮಲೆನಾಡಿನಲ್ಲಿದೆ, ಕರಾವಳಿಯಲ್ಲಿದೆ, ಹಾಸನ, ಮಂಡ್ಯದ ಕಡೆಯೂ ಇದೆ. ಕೊಡಗಿನಲ್ಲಿ ನೂಪುಟ್ಟು ಅಂತಾರೆ, ತುಳುವಿನಲ್ಲಿ ಸೇಮೆದಡ್ಯೆ. ಬಯಲುಸೀಮೆಯಲ್ಲಿ ಅಕ್ಕಿ ಹಿಟ್ಟನ್ನು ಮುದ್ದೆಯ ಹಾಗೆ ತಿರುವಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಬೇಯಿಸುತ್ತಾರೆ. ಮಲೆನಾಡು, ಕರಾವಳಿಯವರು ಅಕ್ಕಿ ನೆನೆಸಿ, ಅರೆದು, ಕಾಯಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಎರಡೂ ಒಳ್ಳೆಯದೇ. ಮೊದಲ ಸಲ ಮಾಡುವವರು ಎರಡನೆಯದನ್ನೇ ಹಿಡಿಯಿರಿ. ಅದರಲ್ಲಿ ಶಾವಿಗೆ ಮೃದುವಾಗಿ ಬರುತ್ತದೆ, ಗಂಟಿನ ಕಾಟವೂ ಕಡಿಮೆ.

ಒರಳು ಯಾವುದಿರಲಿ?

ಮೂರು ನಾಲ್ಕು ಜನರ ಮನೆಗೆ ತಿರುಗಿಸುವ ಹಿಡಿಯ ಹಿತ್ತಾಳೆ ಒರಳು ಸಾಕು. ಚಕ್ಕುಲಿ ಒತ್ತುವುದೂ ಅದರಲ್ಲೇ ಆಗುತ್ತದೆ. ಮನೆ ತುಂಬ ಜನರಿದ್ದರೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿನದು ಬೇಕು. ಅದನ್ನು ನೆಲದ ಮೇಲಿಟ್ಟು, ಮೇಲಿನ ಉದ್ದ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸಬೇಕು. ಹಳೆಯ ಮನೆಗಳಲ್ಲಿ ಮರದ ಮಣೆ ಇರುತ್ತಿತ್ತು, ಅದರ ಉದ್ದ ಹಿಡಿಯ ಮೇಲೆ ಒಬ್ಬರು ಭಾರ ಬಿಟ್ಟು ಕೂರಬೇಕು. ಅಂಥದ್ದು ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ.

ಎರಡು ಅಂಗೈಯಿಂದ ಕೆಳಕ್ಕೆ ಒತ್ತುವ ಒರಳು ಚಕ್ಕುಲಿಗೆ ಸರಿ, ಶಾವಿಗೆಗೆ ಬೇಡ. ಮಣಿಕಟ್ಟು ನೋಯುತ್ತದೆ. ತೆಳು ಅಲ್ಯೂಮಿನಿಯಂ ಒರಳನ್ನಂತೂ ತೆಗೆದುಕೊಳ್ಳಲೇಬೇಡಿ. ಅದರ ತಿರುಪು ಬೇಗ ಸವೆಯುತ್ತದೆ, ಆಮೇಲೆ ಹಿಡಿ ಸುಮ್ನೆ ಸುತ್ತುತ್ತದೆ, ಹಿಟ್ಟು ಇಳಿಯುವುದಿಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಖಾಲಿ ಒರಳಿನ ಹಿಡಿಯನ್ನು ಕೊನೆಯವರೆಗೆ ತಿರುಗಿಸಿ. ಒತ್ತುವ ಬಿಲ್ಲೆ ಕೆಳಗಿನ ಅಚ್ಚಿಗೆ ಹೆಚ್ಚುಕಡಿಮೆ ತಾಗಬೇಕು. ಬಿಲ್ಲೆಗೂ ಒರಳಿನ ಗೋಡೆಗೂ ನಡುವೆ ಜಾಸ್ತಿ ಸಂದು ಕಂಡರೆ ವಾಪಸ್ ಇಡಿ. ಹಿಟ್ಟು ಮೇಲಕ್ಕೆ ಉಕ್ಕುವುದು ಆ ಸಂದಿನಿಂದಲೇ. ಅಚ್ಚಿನ ತೂತು ಒಂದು, ಒಂದೂವರೆ ಮಿಲಿಮೀಟರ್ ಇರಲಿ. ಓಮಪುಡಿಯ ಸಣ್ಣ ತೂತಿನ ಅಚ್ಚು ಹಾಕಿಕೊಂಡು ಒದ್ದಾಡುವವರು ಬಹಳ ಮಂದಿ.

ಅಕ್ಕಿ

2 ಕಪ್ ದೋಸೆ ಅಕ್ಕಿ ಅಥವಾ ಸೋನಾ ಮಸೂರಿ. ಬಾಸುಮತಿ ಬೇಡ. ತೊಳೆದು 4 ಗಂಟೆ ನೆನೆಸಿ. ಅರ್ಧ ಕಪ್ ತೆಂಗಿನ ತುರಿ, ಉಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ತರಿ ಉಳಿದರೆ ಅದು ಅಚ್ಚಿನ ತೂತಿಗೆ ಸಿಕ್ಕಿಕೊಂಡು ಎಳೆ ತುಂಡಾಗುತ್ತದೆ.

ಕಾಯಿಸುವುದು: ಇಲ್ಲಿ ಅವಸರ ಬೇಡ

ಕೆಡುವುದೆಲ್ಲ ಇಲ್ಲೇ ಮತ್ತು ಮುಂದಿನ ಹಂತದಲ್ಲೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಅರೆಯಲು ಹಾಕಿದ್ದೂ ಸೇರಿ ಒಟ್ಟು 3 ಕಪ್ ನೀರು ಬೇಕು. ಅಕ್ಕಿ ಹಳೆಯದಾದರೆ ಇನ್ನೊಂದು ಕಾಲು ಕಪ್ ಹಿಡಿಯುತ್ತದೆ, ಹೊಸ ಅಕ್ಕಿಗೆ ತುಸು ಕಡಿಮೆ ಸಾಕು. ಹಿಟ್ಟು ತೆಳ್ಳಗಿದ್ದರೆ ಗಾಬರಿ ಬೇಡ. ಜನ ಹೆದರಿ ನೀರು ಕಡಿಮೆ ಹಾಕುತ್ತಾರೆ, ಒತ್ತಲು ಗಟ್ಟಿಯಾಗುವುದಕ್ಕೆ ಮೊದಲ ಕಾರಣ ಅದೇ. ಅಕ್ಕಿಯ ಪಿಷ್ಟ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಹೀರಿ ಉಬ್ಬಿಕೊಳ್ಳುತ್ತದೆ. ಹೀರಲು ನೀರೇ ಇಲ್ಲದಿದ್ದರೆ ಎಷ್ಟು ಹೊತ್ತು ಬೇಯಿಸಿದರೂ ಅದು ಮೃದುವಾಗುವುದಿಲ್ಲ.

ದಪ್ಪ ತಳದ ಬಾಣಲೆಗೆ 2 ಚಮಚ ತೆಂಗಿನೆಣ್ಣೆ ಹಾಕಿ, ಹಿಟ್ಟು ಸುರಿದು, ಸಣ್ಣ ಉರಿಗಿಂತ ತುಸು ಹೆಚ್ಚಿನ ಉರಿಯಲ್ಲಿ ಇಡಿ. ಆ ಕ್ಷಣದಿಂದಲೇ ಮರದ ಸಟ್ಟುಗದಲ್ಲಿ ಮಗುಚುತ್ತಾ ಇರಿ. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ತಳದಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಫೋನ್ ಬಂತು ಎಂದು ತಿರುಗಿದರೆ ಅಷ್ಟೇ, ಗಂಟು. ತಳವನ್ನು ಕೆರೆದು ಕೆರೆದು ಮೇಲೆ ತನ್ನಿ. ಗಂಟು ಕಂಡರೆ ಉರಿ ಆರಿಸಿ, ಸಟ್ಟುಗದ ಬೆನ್ನಿನಲ್ಲಿ ಬಾಣಲೆಯ ಗೋಡೆಗೆ ಒತ್ತಿ ಒಡೆಯಿರಿ, ಮತ್ತೆ ಉರಿ ಹಚ್ಚಿ. ಎಲ್ಲ ಒಂದೇ ಮುದ್ದೆಯಾಗಿ ಬಾಣಲೆ ಬಿಡುವವರೆಗೆ ಮಗುಚಬೇಕು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಎರಡು ನಿಮಿಷ. ಮುಚ್ಚಿ ಐದು ನಿಮಿಷ ಬಿಡಿ.

ನಾನ್‌ಸ್ಟಿಕ್ ಬಾಣಲೆಯಲ್ಲಿ ಈ ಕೆಲಸ ಸುಲಭ, ನಿಜ. ಆದರೆ ಒತ್ತಿ ಕೆರೆಯುವ ಕೆಲಸ ಅಲ್ವಾ, ಅದರ ಲೇಪ ಉಳಿಯುವುದಿಲ್ಲ. ಕಬ್ಬಿಣದ ಅಥವಾ ದಪ್ಪ ಸ್ಟೀಲಿನ ಬಾಣಲೆಯೇ ಇರಲಿ.

ಉಂಡೆ ಮತ್ತು ಹಬೆ

ಈಗ ಮುದ್ದೆ ಬೆಂದ ಹಾಗೆ ಕಾಣುತ್ತದೆ. ಆದರೆ ಇದಿನ್ನೂ ಅರ್ಧ ಬೆಂದದ್ದು. ಹಲವರು ಇಲ್ಲಿಂದ ನೇರ ಒರಳಿಗೆ ಹಾಕುತ್ತಾರೆ, ಅಲ್ಲೇ ಕೆಡುತ್ತದೆ. ಎಳೆ ಹೇಗೋ ಇಳಿದರೂ ತಿನ್ನುವಾಗ ಹಸಿ ಹಿಟ್ಟಿನ ವಾಸನೆ.

ಕೈಗೆ ನೀರು ಮುಟ್ಟಿಸಿಕೊಂಡು, ಬಿಸಿ ಇರುವಾಗಲೇ ಚೆನ್ನಾಗಿ ನಾದಿ. ಒರಳಿನ ಕೊಳವೆಯ ಅಳತೆ ನೋಡಿಕೊಂಡು, ಅದಕ್ಕಿಂತ ಸ್ವಲ್ಪ ಸಪೂರವಾಗಿ, ಉದ್ದುದ್ದ ಉಂಡೆ ಕಟ್ಟಿ. ದುಂಡಗೆ ದೊಡ್ಡದು ಮಾಡಿದರೆ ಆಮೇಲೆ ಸುಡುವ ಉಂಡೆಯನ್ನು ಕೈಯಲ್ಲಿ ಹಿಸುಕಿ ತುರುಕಬೇಕಾಗುತ್ತದೆ. ಒಳಗೂ ಬೇಯುವುದಿಲ್ಲ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆಯೇ, ಬಾಳೆ ಎಲೆ ಅಥವಾ ಒದ್ದೆ ಬಟ್ಟೆ ಹಾಸಿ, ಒಂದಕ್ಕೊಂದು ಅಂಟದಂತೆ ಇಡಿ. 20 ನಿಮಿಷ. ಕುಕ್ಕರಿನಲ್ಲಿ ಬೇಯಿಸುವುದಾದರೆ ವಿಶಲ್ ಹಾಕಬೇಡಿ.

ಗಡಿಯಾರವನ್ನು ಪೂರ್ತಿ ನಂಬಬೇಡಿ. ಒಂದು ಉಂಡೆ ಮುರಿದು ನೋಡಿ. ಒಳಗೆ ಸುಣ್ಣದ ಹಾಗೆ ಬೆಳ್ಳಗೆ ಒಣಕಲು ತಿರುಳು ಕಂಡರೆ ಇನ್ನೂ 5 ನಿಮಿಷ ಬೇಕು. ಅಂಚಿನಿಂದ ನಡುವಿನವರೆಗೆ ಒಂದೇ ಹೊಳಪು ಇದ್ದರೆ ಆಯಿತು.

ಒತ್ತುವುದು

ಉಂಡೆಗಳನ್ನೆಲ್ಲ ಒಟ್ಟಿಗೆ ಹೊರಗೆ ತೆಗೆಯಬೇಡಿ. ಉರಿ ಸಣ್ಣದು ಮಾಡಿ, ಅಲ್ಲೇ ಹಬೆಯಲ್ಲಿ ಬಿಡಿ. ಒಂದನ್ನು ತೆಗೆಯುವುದು, ಒತ್ತುವುದು, ಆಮೇಲೆ ಇನ್ನೊಂದು. ಆರಿದ ಹಾಗೆಲ್ಲ ಪಿಷ್ಟ ಮತ್ತೆ ಬಿಗಿಯುತ್ತದೆ. ಕೊನೆಯ ಎರಡು ಉಂಡೆ ಒತ್ತುವಾಗ ಕೈ ಸೋತುಹೋಗುವುದು ಇದೇ ಕಾರಣಕ್ಕೆ.

ಒರಳನ್ನೂ ಬಿಸಿ ಮಾಡಿಕೊಳ್ಳಿ. ಹಿತ್ತಾಳೆ ತಣ್ಣಗಿದ್ದರೆ ಉಂಡೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೊಳವೆಯನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒಳಗೆ ಎಣ್ಣೆ ಸವರಿ. ಉಂಡೆಯನ್ನು ಇಕ್ಕಳದಲ್ಲಿ ಎತ್ತಿ ಹಾಕಿ. ಕೆಳಗೆ ಎಣ್ಣೆ ಸವರಿದ ತಟ್ಟೆ ಅಥವಾ ಬಾಳೆ ಎಲೆ. ಹಿಡಿಯನ್ನು ಒಂದೇ ಹದದಲ್ಲಿ, ನಡುವೆ ನಿಲ್ಲಿಸದೆ ತಿರುಗಿಸಿ, ತಟ್ಟೆಯನ್ನು ಸುತ್ತಿಸುತ್ತಾ ಎಳೆ ಹರಡಿ. ನಾಲ್ಕು ಮಾತಾಡಿ ಮುಂದುವರಿಸೋಣ ಎಂದರೆ ಅಚ್ಚಿನ ಹತ್ತಿರದ ಹಿಟ್ಟು ಒಣಗಿ ಕೂರುತ್ತದೆ. ಮಕ್ಕಳು ಹತ್ತಿರ ಇದ್ದರೆ ಹುಷಾರು, ಉಂಡೆಯ ಒಳಗಿನ ಬಿಸಿ ಬಹಳ ಹೊತ್ತು ಇರುತ್ತದೆ.

ಪ್ಯಾಕೆಟ್ ಅಕ್ಕಿ ಹಿಟ್ಟಿನಲ್ಲಿ ಮಾಡಬಹುದಾ ಎಂದು ಕೇಳುವವರಿದ್ದಾರೆ. ಮಾಡಬಹುದು. 1 ಕಪ್ ಹಿಟ್ಟಿಗೆ ಒಂದೂವರೆ ಕಪ್ ನೀರು ಚೆನ್ನಾಗಿ ಕುದಿಸಿ, ಉಪ್ಪು, ಎಣ್ಣೆ ಹಾಕಿ, ಹಿಟ್ಟು ಸುರಿದು ತಿರುವಿ, ಮುಚ್ಚಿಟ್ಟು, ನಾದಿ. ಹಬೆಯ ಹಂತ ಬಿಡುವಂತಿಲ್ಲ. ಆದರೆ ರುಚಿ ಒಂದು ಮೆಟ್ಟಿಲು ಕೆಳಗೆ, ಬೇಗ ಗಟ್ಟಿಯೂ ಆಗುತ್ತದೆ. ಬಿಸಿನೀರಲ್ಲಿ ನೆನೆಸಿ ತಿನ್ನುವ ಒಣ ಅಕ್ಕಿ ಶಾವಿಗೆ ಅವಸರದ ಬೆಳಗಿಗೆ ಸರಿ, ಹಬ್ಬದ ದಿನ ಅದು ಬೇಡ.

ಜೊತೆಗೆ

ನನಗೆ ಕಾಯಿಹಾಲೇ ಬೇಕು. ಒಂದು ತೆಂಗಿನಕಾಯಿ ತುರಿದು ಅರೆದು ಮೊದಲ ಹಾಲು, ಎರಡನೆಯ ಹಾಲು ಬೇರೆ ಬೇರೆ ಹಿಂಡಿಕೊಳ್ಳಿ. ಬೆಲ್ಲ ಕರಗಿಸಿ ಸೋಸಿ, ಮಣ್ಣು ಇದ್ದೇ ಇರುತ್ತದೆ. ಎರಡನೆಯ ಹಾಲನ್ನು ಬೆಲ್ಲದ ಜೊತೆ ಬಿಸಿ ಮಾಡಿ, ಉರಿ ಆರಿಸಿ, ಸ್ವಲ್ಪ ಆರಿದ ಮೇಲೆ ಗಟ್ಟಿ ಹಾಲು, ಏಲಕ್ಕಿ ಪುಡಿ ಸೇರಿಸಿ. ಗಟ್ಟಿ ಹಾಲು ಕುದಿದರೆ ಒಡೆಯುತ್ತದೆ. ಡಬ್ಬಿಯ ತೆಂಗಿನ ಹಾಲು ಹಾಕಿದರೆ ಗೊತ್ತಾಗಿಬಿಡುತ್ತದೆ, ಆ ತಾಜಾ ಪರಿಮಳ ಇರುವುದಿಲ್ಲ.

ಹುರಿದ ಎಳ್ಳು, ಬೆಲ್ಲದ ಪುಡಿಯೂ ಚೆಂದ. ಹಾಸನ, ಮಂಡ್ಯದ ಕಡೆ ಕೋಳಿ ಸಾರಿನ ಜೊತೆ ತಿನ್ನುತ್ತಾರೆ. ಚಿತ್ರಾನ್ನ ಮಾಡುವುದಾದರೆ ಶಾವಿಗೆ ಪೂರ್ತಿ ಆರಲಿ, ಬೆರಳಿಗೆ ಎಣ್ಣೆ ಸವರಿ ಎಳೆ ಬಿಡಿಸಿ, ಆಮೇಲೆ ಒಗ್ಗರಣೆಗೆ ಹಾಕಿ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ಉಳಿದದ್ದನ್ನು ಮರುದಿನ ಐದು ನಿಮಿಷ ಹಬೆಯಲ್ಲಿಟ್ಟರೆ ಮತ್ತೆ ಮೃದುವಾಗುತ್ತದೆ.

ಒರಳು ತೊಳೆಯುವುದು

ಊಟಕ್ಕೆ ಕೂರುವ ಮೊದಲೇ ಒರಳು, ಅಚ್ಚು ನೀರಲ್ಲಿ ಮುಳುಗಿಸಿಡಿ. ಹಿಟ್ಟು ಒಣಗಿದರೆ ತೂತು ಬಿಡಿಸಲು ಸಂಜೆಯಾಗುತ್ತದೆ. ಗುಂಡುಸೂಜಿ, ತಂತಿ ಚುಚ್ಚಬೇಡಿ, ತೂತು ಗೀಚಿದರೆ ಎಳೆ ಒರಟಾಗುತ್ತದೆ. ತೆಂಗಿನ ಪೊರಕೆಯ ಕಡ್ಡಿ ಸಾಕು. ಹಿತ್ತಾಳೆಯನ್ನು ಹುಣಸೆಹಣ್ಣಲ್ಲಿ ತಿಕ್ಕಿ, ತೊಳೆದು, ತಕ್ಷಣ ಒರೆಸಿ ಬಿಸಿಲಿಗಿಡಿ. ಒಣಗಿದ ಮೇಲೆ ತಿರುಪಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಅಚ್ಚುಗಳನ್ನು ಬಟ್ಟೆಯಲ್ಲಿ ಕಟ್ಟಿ, ಒರಳಿನ ಒಳಗೇ ಇಡಿ.