ಕ್ಯಾಬಿನೆಟ್ ಜುಮ್ ಅಂದರೆ ಎಸ್‌ಎಂಪಿಎಸ್ ಬದಲಿಸುವ ಮೊದಲು

ನಾವೇ ಜೋಡಿಸಿದ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಎಲ್ಲರ ಅನುಮಾನವೂ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಡಬ್ಬಿ) ಮೇಲೆ. ಹೊಸದು ತಂದು ಹಾಕಿದರೆ ಅದೂ ಜುಮ್ ಅನ್ನುತ್ತದೆ. ಅರ್ತ್ ಇಲ್ಲದಿದ್ದರೆ ಅನ್ನಲೇಬೇಕು, ಅದರ ರಚನೆಯೇ ಹಾಗಿದೆ.

ಎಸ್‌ಎಂಪಿಎಸ್‌ಗೆ ಕರೆಂಟು ಒಳಬರುವ ಕಡೆ ವಿದ್ಯುತ್ ಗದ್ದಲ ತಡೆಯುವ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಲೋಹದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಇನ್ನೊಂದು ವೈ ಕೆಪಾಸಿಟರ್ (ಆ ಗದ್ದಲವನ್ನು ಮೈಗೆ ಹರಿಸುವ ಪುಟ್ಟ ಕೆಪಾಸಿಟರ್). ಅರ್ತ್ ವಯರ್ ಇದ್ದರೆ ಇವು ಸೋರುವ ಅಷ್ಟಿಷ್ಟು ಕರೆಂಟು ಸದ್ದಿಲ್ಲದೆ ನೆಲ ಸೇರುತ್ತದೆ. ಅರ್ತ್ ತುಂಡಾಗಿದ್ದರೆ ಎರಡೂ ಸೇರಿ ವೋಲ್ಟೇಜನ್ನು ಅರ್ಧಕ್ಕೆ ಹಂಚುತ್ತವೆ: 230 ವೋಲ್ಟ್ ಸಪ್ಲೈಯಲ್ಲಿ ಕ್ಯಾಬಿನೆಟ್ ಮೇಲೆ ಸುಮಾರು 115. ಕೆಪಾಸಿಟರ್ 2.2 ನ್ಯಾನೋಫ್ಯಾರಡ್ ಆಗಿದ್ದರೆ, 50 ಹರ್ಟ್ಸ್‌ನಲ್ಲಿ, ಮುಟ್ಟಿದವರ ಮೂಲಕ ಹರಿಯುವುದು 0.16 ಮಿಲಿಆಂಪ್, 4.7 ಆಗಿದ್ದರೆ 0.34. ಅಂಗೈಗೆ ತಿಳಿಯದಿದ್ದರೂ ಮುಂಗೈಯ ತೆಳು ಚರ್ಮಕ್ಕೆ ತಿಳಿಯುವಷ್ಟು. ಬೆರಳನ್ನು ಹಗುರಾಗಿ ಎಳೆದರೆ ಲೋಹ ತರಿತರಿಯಾದಂತೆ ಅನಿಸುವುದೂ ಇದರಿಂದಲೇ. ಒಮ್ಮೆ ಚಟ್ ಎಂದು ಹೊಡೆದು ಸುಮ್ಮನಾದರೆ ಅದು ಸ್ಥಿರ ವಿದ್ಯುತ್ತು, ಆ ಮಾತೇ ಬೇರೆ.

ಆದರೆ ಇದು ಬರೀ ಸೋರಿಕೆಯೋ, ಫೇಸ್ ನೇರವಾಗಿ ಮೈಗೆ ತಗುಲಿದೆಯೋ? ಟೆಸ್ಟರ್ ಎರಡಕ್ಕೂ ಉರಿಯುತ್ತದೆ. ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್ ಇರುವುದರಿಂದ ಬರಿಯ ಸೋರಿಕೆಗೂ ಅದು ನೂರರ ಮೇಲೆ ತೋರಿಸುತ್ತದೆ. ಹಾಗಾಗಿ ನಾನು ಮೀಟರಿನ ಎರಡು ತಂತಿಗಳ ನಡುವೆ ಅಡ್ಡಲಾಗಿ (ಪ್ಯಾರಲಲ್ ಆಗಿ) 47 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಹಾಕಿ ಅಳೆಯುತ್ತೇನೆ. ಕಾಲು ವ್ಯಾಟಿನದು ಬೇಡ. ನಿಜವಾದ ಫೇಸ್ ಸಿಕ್ಕರೆ ಸುಟ್ಟುಹೋಗುತ್ತದೆ. ಮಾನಿಟರ್, ನೆಟ್‌ವರ್ಕ್ ಕೇಬಲ್, ಸ್ಪೀಕರ್ ಎಲ್ಲ ಕಳಚಿ, ಅರ್ತ್ ಖಾತ್ರಿಯಿರುವ ಬೇರೊಂದು ಸಾಕೆಟ್‌ನಿಂದ ವಯರ್ ಎಳೆದು, ಸ್ವಿಚ್ ಆಫ್ ಇರುವಾಗಲೇ ಮೀಟರಿನ ಒಂದು ಕ್ಲಿಪ್ ಅದಕ್ಕೆ, ಇನ್ನೊಂದು ಕ್ಯಾಬಿನೆಟ್‌ನ ಬಣ್ಣವಿಲ್ಲದ ಜಾಗಕ್ಕೆ ಕಚ್ಚಿಸಿ, ಕೈ ತೆಗೆದ ಮೇಲೆ ಆನ್ ಮಾಡಬೇಕು. 115 ಇದ್ದದ್ದು 7ಕ್ಕೋ 15ಕ್ಕೋ ಕುಸಿದರೆ ಬರೀ ಸೋರಿಕೆ. 230ರ ಹತ್ತಿರವೇ ನಿಂತರೆ ಅಲ್ಲಿಗೆ ನಿಲ್ಲಿಸಿ. ಆ ಎಸ್‌ಎಂಪಿಎಸ್ ಮತ್ತೆ ಪ್ಲಗ್‌ಗೆ ಹೋಗಬಾರದು. ಬಿಚ್ಚಿ ನೋಡುವ ಆಸೆಯೂ ಬೇಡ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟಿರಬಹುದು.

ಸೋರಿಕೆ ಎಂದು ಗೊತ್ತಾದರೆ ಮುಂದಿನದು ಅರ್ತ್ ಎಲ್ಲಿ ತುಂಡಾಗಿದೆ ಎಂಬ ಹುಡುಕಾಟ. ದಾರಿಯನ್ನು ಎರಡು ಭಾಗ ಮಾಡಿಕೊಳ್ಳುತ್ತೇನೆ. ಪ್ಲಗ್ ಕಿತ್ತು, ಮೀಟರನ್ನು ಓಮ್‌ಗೆ ತಿರುಗಿಸಿ, ಪ್ಲಗ್‌ನ ಅರ್ತ್ ಪಿನ್‌ನಿಂದ ಕ್ಯಾಬಿನೆಟ್‌ನ ಬಣ್ಣವಿಲ್ಲದ ಜಾಗಕ್ಕೆ ಅಳೆಯುವುದು. ಮೀಟರಿನ ತಂತಿಗಳದೇ 0.2ರಷ್ಟು ಇರುತ್ತದೆ, ಅದನ್ನು ಕಳೆದು ಅರ್ಧ ಓಮ್‌ಗಿಂತ ಕಡಿಮೆ ಬಂದರೆ ತಪ್ಪು ಗೋಡೆಯ ಕಡೆ. ಬರದಿದ್ದರೆ ಮೊದಲು ಕೇಬಲ್, ಆಮೇಲೆ ಎಸ್‌ಎಂಪಿಎಸ್‌ನ ನಡು ಪಿನ್‌ನಿಂದ ಅದರ ಮೈಗೆ, ಕೊನೆಗೆ ಮೈಯಿಂದ ಕ್ಯಾಬಿನೆಟ್‌ಗೆ.

ಆ ಕೊನೆಯದರಲ್ಲಿ ಅಡ್ಡ ಬರುವುದು ಪೌಡರ್ ಕೋಟಿಂಗ್. ಎಸ್‌ಎಂಪಿಎಸ್‌ಗೂ ಬಣ್ಣ, ಕ್ಯಾಬಿನೆಟ್‌ಗೂ ಬಣ್ಣ. ನಾಲ್ಕು ಸ್ಕ್ರೂ ಬಿಗಿದರೂ ಲೋಹಕ್ಕೆ ಲೋಹ ತಾಗಿರುವುದಿಲ್ಲ. ಒಂದು ಸ್ಕ್ರೂ ಕೂರುವ ಜಾಗದಲ್ಲಿ ಕ್ಯಾಬಿನೆಟ್‌ನ ಬಣ್ಣ ಉಜ್ಜಿ ತೆಗೆದು ಹಲ್ಲಿನ ವಾಷರ್ ಹಾಕಿದರೆ ಸರಿಹೋಗುತ್ತದೆ. ಕೆಲವೊಮ್ಮೆ ಬಣ್ಣವಿದ್ದರೂ ಮೀಟರು ಸರಿ ಎನ್ನುತ್ತದೆ, ಏಕೆಂದರೆ ಎಸ್‌ಎಂಪಿಎಸ್‌ನ ಕಪ್ಪು (ಗ್ರೌಂಡ್) ವಯರು, ಮದರ್‌ಬೋರ್ಡ್, ಅದನ್ನು ಕೂರಿಸುವ ಲೋಹದ ಗೂಟಗಳ (ಸ್ಟ್ಯಾಂಡ್‌ಆಫ್) ಮೂಲಕ ಸುತ್ತುದಾರಿ ಸಿಕ್ಕಿರುತ್ತದೆ. ಅದನ್ನು ನಾನು ಅರ್ತ್ ಎಂದು ಒಪ್ಪುವುದಿಲ್ಲ. ಬೋರ್ಡ್ ಕಳಚಿದ ದಿನ ಆ ದಾರಿಯೂ ಇರುವುದಿಲ್ಲ.

ಗೋಡೆಗೂ ಮುಂಚೆ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ. ಮುಖದಲ್ಲಿ ಮೂರು ತೂತು, ಬೆನ್ನಲ್ಲಿ ಎರಡೇ ಎಳೆಯ ವಯರ್ ಇರುವಂಥವು ಬೇಕಾದಷ್ಟಿವೆ. ಇವು ಇನ್ನೂ ಕೆಟ್ಟವು: ಅವುಗಳ ಅರ್ತ್ ತೂತುಗಳು ಒಳಗೆ ಪರಸ್ಪರ ಸೇರಿರುವುದರಿಂದ ಮಾನಿಟರಿನ ಸೋರಿಕೆಯೂ ಕ್ಯಾಬಿನೆಟ್‌ಗೇ ಬರುತ್ತದೆ.

ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ತ್ ಹೆಚ್ಚುಕಡಿಮೆ ಒಂದೇ ಇರಬೇಕು, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್ ಒಳಗೆ. ಅದೇ ಸಾಲಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದರೂ ಕೊನೆಯದು 0.0 ಬಿಟ್ಟು ಅಲುಗದಿದ್ದರೆ, ಯಾರೋ ಸಾಕೆಟ್ ಹಿಂದೆ ನ್ಯೂಟ್ರಲನ್ನೇ ಅರ್ತ್‌ಗೆ ಜೋಡಿಸಿರುವ ಸಂಶಯ ಬರಬೇಕು. ಆಗ ಜುಮ್ ಅನ್ನುವುದಿಲ್ಲ, ಎಲ್ಲ ಸರಿಯಿರುವಂತೆ ಕಾಣುತ್ತದೆ. ನ್ಯೂಟ್ರಲ್ ಎಲ್ಲಾದರೂ ಕಡಿದ ಕ್ಷಣ ಪೂರ್ತಿ ಫೇಸ್ ಕ್ಯಾಬಿನೆಟ್ ಮೇಲೆ. ಇದು ಎಲೆಕ್ಟ್ರಿಷಿಯನ್ ಕೆಲಸ. ನಲ್ಲಿ ಪೈಪಿಗೆ ವಯರ್ ಕಟ್ಟುವುದೂ ಪರಿಹಾರವಲ್ಲ. ಫೇಸ್ ತಗುಲಿದರೆ ಸ್ನಾನದ ಮನೆಯ ನಲ್ಲಿಗೂ ಕರೆಂಟು ಹೋಗುತ್ತದೆ.

ಯುಪಿಎಸ್ ಇದ್ದವರು ಗಮನಿಸಬೇಕಾದ್ದು: ಅದರ ಪ್ಲಗ್ ಗೋಡೆಯಿಂದ ಕಿತ್ತರೆ ಅರ್ತ್ ಕೂಡ ಹೋಯಿತು, ಔಟ್‌ಪುಟ್ ಮಾತ್ರ ಜೀವಂತ. ಬ್ಯಾಟರಿ ಪರೀಕ್ಷಿಸಬೇಕೆಂದರೆ ಪ್ಲಗ್ ಕೀಳದೆ, ಸಾಕೆಟ್‌ನ ಸ್ವಿಚ್ ಆಫ್ ಮಾಡಿ.

ಎಲ್ಲ ಸರಿಮಾಡಿದ ಮೇಲೆ ಕ್ಯಾಬಿನೆಟ್‌ನಿಂದ ಅರ್ತ್‌ಗೆ 1 ವೋಲ್ಟ್ ಕೂಡ ಇರಬಾರದು. ಅಷ್ಟಾದರೂ ಟಿವಿಗೆ ಎಚ್‌ಡಿಎಂಐ ಚುಚ್ಚುವಾಗ ಕಿಡಿ ಹಾರಿದರೆ, ಟಿವಿಗೆ ಬಂದಿರುವ ಕೇಬಲ್ ಲೈನನ್ನು ಮೊದಲು ಕಳಚಿ ನೋಡಿ. ಅದರ ಹೊರಹೆಣಿಗೆ (ತಂತಿಯ ಸುತ್ತಲಿನ ಲೋಹದ ಬಲೆ) ಬೇರೆ ಕಡೆಯ ವೋಲ್ಟೇಜನ್ನು ಹೊತ್ತು ತಂದಿರಬಹುದು.