ಪೆನ್ಸಿಲ್ ಕೊಡೋಕೆ ಮುಂಚೆ ನಮ್ಮ ಅಂಗನವಾಡಿಲಿ ನಾನು ಮಾಡಿಸೋ ಕೆಲಸ

ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಲಿ ಅಂಗನವಾಡಿ ಕಾರ್ಯಕರ್ತೆ. ಊರಲ್ಲಿ ಎಲ್ಲರೂ ಟೀಚರ್ ಅಂತಲೇ ಕರೆಯೋದು, ನನಗೂ ಅದೇ ಇಷ್ಟ, ಯಾಕಂದ್ರೆ ಹಾಲು, ಮೊಟ್ಟೆ, ಪುಷ್ಟಿ ಪ್ಯಾಕೆಟ್ಟು, ತೂಕ, ಗರ್ಭಿಣಿಯರ ಊಟ ಇಷ್ಟೆಲ್ಲದರ ಮಧ್ಯೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡೋದೂ ನಮ್ಮ ಕೆಲಸವೇ ಅನ್ನೋದು ಎಷ್ಟೋ ಜನಕ್ಕೆ ನೆನಪಿರಲ್ಲ. 1975ರ ಅಕ್ಟೋಬರ್ 2ಕ್ಕೆ ಐಸಿಡಿಎಸ್, ಅಂದ್ರೆ ಅಂಗನವಾಡಿಗಳನ್ನ ನಡೆಸೋ ಸರ್ಕಾರಿ ಯೋಜನೆ, ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಜಿಲ್ಲೆಯ ಟಿ. ನರಸೀಪುರಕ್ಕೆ. ಆಗಿಂದ್ಲೂ ಆಟ ಪಾಠ ಅದರಲ್ಲಿ ಸೇರೇ ಇದೆ.

ಈಗ ನಮ್ಮೂರಿಗೂ ಬೆಳಿಗ್ಗೆ ಕಾನ್ವೆಂಟಿನ ಹಳದಿ ವ್ಯಾನ್ ಬರುತ್ತೆ. ಅದು ಬರೋಕೆ ಶುರುವಾದ ಮೇಲೆ ತಾಯಂದಿರು ನನ್ನ ಹತ್ರ ಕೇಳೋ ಪ್ರಶ್ನೆ ಒಂದೇ, "ಟೀಚರೇ, ಪಕ್ಕದ್ಮನೆ ಹುಡ್ಗಿ ಎಬಿಸಿಡಿ ಪೂರ್ತಿ ಬರೀತಾಳೆ, ನಮ್ ಮಗ ಇನ್ನೂ ಏನೂ ಬರೀತಿಲ್ವಲ್ಲ?" ಮಗನಿಗೆ ಮೂರೂವರೆ ವರ್ಷ. ನಾನು ಬರೆಸಲ್ಲ. ಬರೆಸಬಾರದು ಅಂತ ಖಡಾಖಂಡಿತವಾಗಿ ಹೇಳ್ತೀನಿ.

ಕಾರಣ ಕೈಲೇ ಇದೆ. ದೊಡ್ಡೋರ ಮಣಿಕಟ್ಟಲ್ಲಿ 8 ಪುಟ್ಟ ಮೂಳೆ ಇರುತ್ವೆ, ಮೂರು ವರ್ಷದ ಮಗುಗೆ ಅವುಗಳಲ್ಲಿ ಅರ್ಧಕ್ಕರ್ಧ ಇನ್ನೂ ಮೂಳೆಯಾಗಿ ಗಟ್ಟಿಯಾಗಿರಲ್ಲ. ಆ ವಯಸ್ಸಲ್ಲಿ ಪೆನ್ಸಿಲ್ ಕೊಟ್ರೆ ಮುಷ್ಟಿಲಿ ಹಿಡಿದು, ಭುಜದಿಂದ ಎಳೆದು, ಹಾಳೆ ಹರಿಯೋ ಹಂಗೆ ಒತ್ತಿ ಬರೀತಾವೆ. ಆಮೇಲೆ ಆ ಹಿಡಿತ ಬಿಡಿಸೋದು ಒಂದನೇ ಕ್ಲಾಸ್ ಮೇಷ್ಟ್ರಿಗೂ ಕಷ್ಟ, ಮಗುಗೂ ಕಷ್ಟ.

ಹಾಗಾದ್ರೆ ಏನು ಮಾಡಿಸ್ತೀನಿ ಅಂದ್ರೆ, ಮನೇಲಿ ಅಜ್ಜಿಯರು ಮಾಡೋ ಕೆಲಸಗಳನ್ನೇ. ಮಾಗಿ ಕಾಲದಲ್ಲಿ ಅವರೆಕಾಯಿ ಸುಲಿಯೋದು, ಊಟಕ್ಕೆ ತಂದ ಸೊಪ್ಪು ಬಿಡಿಸೋದು, ಹಳೇ ಪೇಪರ್ ಸಣ್ಣಗೆ ಹರಿದು ಮೀನಿನ ಚಿತ್ರಕ್ಕೆ ಅಂಟಿಸೋದು, ದಾರಕ್ಕೆ ಪರಂಗಿ ಎಲೆ ದಂಟಿನ ತುಂಡು ಪೋಣಿಸೋದು. ದಂಟು ಟೊಳ್ಳಾಗಿರುತ್ತಲ್ಲ, ಸೂಜಿ ಬೇಡ, ದಾರದ ತುದಿಗೆ ಸ್ವಲ್ಪ ಮೇಣ ಸವರಿ ಗಟ್ಟಿ ಮಾಡಿ ಕೊಟ್ರೆ ಸಾಕು (ಕತ್ತರಿಸಿದ ಕೂಡ್ಲೇ ಹಾಲು ಬರುತ್ತೆ, ತೊಳೆದು ಒಣಗಿಸಿಯೇ ಕೊಡಿ, ಇಲ್ಲಾಂದ್ರೆ ಕೈ ತುರಿಸುತ್ತೆ). ಗೌರಿ ಹಬ್ಬದ ಹೊತ್ತಿಗೆ ಕೆರೆಯಿಂದ ಜೇಡಿಮಣ್ಣು ತರಿಸ್ತೀವಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ರೆ ತುಂಬಾ ದಿನ ಬರುತ್ತೆ. ಮಣ್ಣು ನಾದೋದು, ಉಂಡೆ ಮಾಡೋದು, ಹಾವು ಹೊಸೆಯೋದು, ಬೆರಳಿಗೆ ಇದಕ್ಕಿಂತ ಒಳ್ಳೆ ಕಸರತ್ತು ನಾನಂತೂ ನೋಡಿಲ್ಲ.

ಹುಣಸೆ ಬೀಜ ಮತ್ತೆ ಕಾಳು ಬೇರೆ ಮಾಡೋ ಆಟ ಆಡಿಸುವಾಗ ಮಾತ್ರ ಒಂದು ಎಚ್ಚರಿಕೆ. ಈ ವಯಸ್ಸಿನವು ಬೀಜನ ಮೂಗಿಗೆ, ಕಿವಿಗೆ ತುರುಕ್ಕೋತವೆ. ಅದಕ್ಕೇ ನಾನು ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತಿರ್ತೀನಿ, ಬಾಗಿಲಿಗೆ ಯಾರಾದ್ರೂ ಬಂದು ಕರೆದ್ರೂ ತಟ್ಟೆ ಎತ್ಕೊಂಡೇ ಏಳೋದು. ಫೋನು ಬೀರುವಲ್ಲಿರುತ್ತೆ. ಆ್ಯಪ್ ಎಂಟ್ರಿ ಎಲ್ಲ ಮಕ್ಕಳು ಊಟ ಮಾಡಿ ಮಲಗಿದ ಮೇಲೆ, ಬೆಳಗಿನ ಹೊತ್ತು ಅವರದ್ದೇ.

ಆಮೇಲೆ ಗೆರೆ. ಮೊದಲು ಮರಳು ಹರಡಿದ ತಟ್ಟೇಲಿ ಬೆರಳು, ಆಮೇಲೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣ. ತುಂಡು ಸೀಮೆಸುಣ್ಣ ಕೊಡಬೇಕು, ಉದ್ದದ್ದು ಕೊಟ್ರೆ ಮುಷ್ಟಿ ಕಟ್ತಾವೆ, ಚಿಕ್ಕ ತುಂಡನ್ನ ಮೂರು ಬೆರಳಲ್ಲಿ ಬಿಟ್ಟು ಬೇರೆ ಥರ ಹಿಡಿಯೋಕೆ ಆಗೋದೇ ಇಲ್ಲ! ಕನ್ನಡ ಅಕ್ಷರ ಎಲ್ಲ ದುಂಡು ದುಂಡು ತಾನೇ, ಅದಕ್ಕೆ ಸುತ್ತು, ಅರ್ಧ ಸುತ್ತು, ಅಲೆ ಇವನ್ನೇ ಜಾಸ್ತಿ ಹಾಕಿಸ್ತೀನಿ. ಬೆಳಿಗ್ಗೆ ನಮ್ಮ ಸಹಾಯಕಿ ಅಕ್ಕ ಬಾಗಿಲಿಗೆ ರಂಗೋಲಿ ಹಾಕುವಾಗ ಪಕ್ಕದಲ್ಲಿ ಇಬ್ಬರು ಕೂತು ಅದೇ ಸುಳಿ ತಿದ್ದುತಿರ್ತಾರೆ.

ಐದು ದಾಟಿದ ಮಕ್ಕಳು ತಾವಾಗೇ "ಟೀಚರ್, ನನ್ ಹೆಸ್ರು ಬರ್ಕೊಡಿ" ಅಂತ ಬರ್ತಾರೆ. ಆಗ ಅಕ್ಷರ ಶುರು, ಅದೂ ಅ ಆ ಇ ಈ ಅಂತಲ್ಲ, ರ ಗ ಸ ದ ಅ ಅಂತ. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಿಂದ ಶುರುವಾದ ನಲಿ-ಕಲಿಲೂ (ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಆಟದ ಜೊತೆ ಕಲಿಸೋ ಪದ್ಧತಿ) ಮಕ್ಕಳು ಕಲಿಯೋದು ಹಿಂಗೇ. ರ ಬರೆಯೋಕೆ ಬಂದ್ರೆ ಗ ಬರುತ್ತೆ, ಎರಡು ದಿನದಲ್ಲಿ ಸರ ಅಂತ ಓದಿಬಿಡ್ತಾರೆ, ಅದೇ ಕುಂಡಲಿ ಥರ ಇರೋ "ಈ" ಅನ್ನೋ ಅಕ್ಷರನ ಮೊದಲನೇ ವಾರನೇ ತಿದ್ದಿಸಿದ್ರೆ ಮಗು ಸ್ಲೇಟ್ ಕಂಡ್ರೆ ಓಡುತ್ತೆ.

ಇದನ್ನೆಲ್ಲ ಅಪ್ಪ ಅಮ್ಮಂದಿರಿಗೆ ಬಾಯಲ್ಲಿ ಹೇಳಿದ್ರೆ ತಲೆ ಆಡಿಸಿ ಹೋಗ್ತಾರೆ, ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಅದಕ್ಕೆ ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿ (ಮಕ್ಕಳ ಪೋಷಕರೂ ಇರೋ ಸಮಿತಿ) ಸಭೆಲಿ ಎಲ್ಲರ ಎಡಗೈಗೂ ಪೆನ್ಸಿಲ್ ಕೊಟ್ಟು ಊರಿನ ಹೆಸರು ಬರೀರಿ ಅಂದೆ. ನಕ್ಕೊಂಡು ಶುರು ಮಾಡಿದ್ರು, ಮೂರನೇ ಅಕ್ಷರಕ್ಕೆ ಸುಮ್ಮನಾದ್ರು, ಒಬ್ಬರು ತಾಯಿ ಬೆರಳು ಬಿಡಿಸ್ಕೊಳ್ತಾ "ಅಯ್ಯೋ, ಕೈ ನೋಯ್ತದೆ ಟೀಚರೇ" ಅಂದ್ರು. ನಿಮ್ಮ ಮಗುಗೂ ಹಿಂಗೇ ಆಗೋದು ಅಂದೆ, ಅಷ್ಟೇ. ಈಗ ಸಭೆ ದಿನ ಮಕ್ಕಳು ಮಾಡಿದ ಮಣ್ಣಿನ ಆನೆ, ಪೋಣಿಸಿದ ಸರ ಎಲ್ಲ ಹೆಸರು ಬರೆದು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಡ್ತೀನಿ. ಕಣ್ಣಿಗೆ ಕಾಣೋ ವಸ್ತು ಬೇಕು ಅವರಿಗೂ.

ಅದೇ ಸಭೆಲಿ ಎಡಚ ಮಕ್ಕಳ ಮಾತೂ ಬಂತು. ಎಡಗೈಲಿ ಸೀಮೆಸುಣ್ಣ ಹಿಡಿದ್ರೆ ಅಜ್ಜಿ ಕೈಮೇಲೆ ಹೊಡೀತಾರೆ ಅಂತ ಒಬ್ಬ ತಾಯಿ ಹೇಳಿದ್ರು. ದಯವಿಟ್ಟು ಬೇಡ. ಊಟ ಬಲಗೈಲಿ ಮಾಡ್ಲಿ ಅನ್ನೋದು ಅಜ್ಜಿ ಆಸೆ, ಅದನ್ನ ನಿಧಾನವಾಗಿ ಹೇಳ್ಕೊಡಲಿ, ಆದ್ರೆ ಬರೆಯೋ ಕೈ ಬದಲಾಯಿಸಬೇಡಿ ಅಂತ ಆ ಅಜ್ಜಿ ಮನೆಗೇ ಹೋಗಿ ಕೂತು ಹೇಳಿ ಬಂದೆ. ನೀವೂ ಮಕ್ಕಳಿಗೆ ಕಲಿಸೋರಾದ್ರೆ ಎಡಚ ಮಗುನ ಸಾಲಿನ ಎಡ ತುದಿಗೆ ಕೂರಿಸಿ, ಪಕ್ಕದ ಮಗು ಮೊಣಕೈ ತಾಗಲ್ಲ, ಗೆರೆನೂ ಅಳುಕಿಲ್ಲದೆ ಎಳೆಯುತ್ತೆ.