ಪೊರೆ ತೆಗೆಸಿದ ಮೇಲೆ ಸೈಕಲ್: ಏರಿಗಿಂತ ಇಳಿಜಾರಿಗೆ ಹೆದರಿ

ಕಣ್ಣಿನ ಪೊರೆ ತೆಗೆಸಿಕೊಂಡ ಮರುದಿನ ಪಟ್ಟಿ ಬಿಚ್ಚಿದರೆ, ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸಿನ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಕಣ್ಣು ಸರಿಹೋಯಿತೆಂದು ವಾರ ತುಂಬುವ ಹೊತ್ತಿಗೇ ಸೈಕಲ್ ಹೊರಗೆ ತೆಗೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಪಕ್ಕದ ತೋಟದವರು ಎಂಟನೇ ದಿನ ಹೊರಟು, ಮೋರಿಯ ಅಂಚು ತಿಳಿಯದೆ ಚರಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕಾಲಿಗೆ ಬಲವಿತ್ತು, ನೋಟವೂ ಚೆನ್ನಾಗಿತ್ತು. ಆಳದ ಅಂದಾಜು ಮಾತ್ರ ಇನ್ನೂ ಬಂದಿರಲಿಲ್ಲ.

ಮೊದಲೇ ಒಂದು ಮಾತು. ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಒಳಪರದೆಯ ಆಪರೇಷನ್ ಆದವರು ನಾನು ಮುಂದೆ ಹೇಳುವ ವಾರಗಳ ಲೆಕ್ಕ ಹಿಡಿಯಬೇಡಿ. ಅವರ ಕಣ್ಣೊಳಗೆ ಕೆಲವೊಮ್ಮೆ ಗ್ಯಾಸ್ ತುಂಬಿರುತ್ತಾರೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಆ ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಸಂಪಾಜೆ ಘಾಟಿ ಹತ್ತಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಬರುವುದು ಕಾರಿನಲ್ಲಾದರೂ ಅಪಾಯವೇ. ಗ್ಯಾಸ್ ಕರಗಲು ಅದರ ಬಗೆ ನೋಡಿಕೊಂಡು ಎರಡು ವಾರದಿಂದ ಎರಡು ತಿಂಗಳು ಹಿಡಿಯುತ್ತದೆ. ಡಾಕ್ಟರು ಹೂಂ ಅನ್ನುವವರೆಗೆ ಕೆಳಗೇ ನೆಂಟರ ಮನೆಯಲ್ಲಿರಿ.

ಇನ್ನು ಪೊರೆಯ ವಿಷಯ. ಮೊದಲ ವಾರ ಬರೀ ನಡಿಗೆ. ಡ್ರಾಪ್ಸ್ ಹಾಕುವ ಮೊದಲು ಕೈ ತೊಳೆದು, ಒಂದು ಔಷಧಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಬೇಡ: ಕಾಫಿ ಮೂಟೆ, ಗ್ಯಾಸ್ ಸಿಲಿಂಡರ್, ದಂಡ ಹೊಡೆಯುವುದು ಎಲ್ಲಕ್ಕೂ ತಿಂಗಳು ರಜೆ. ಹೊಳೆ, ಕೆರೆ, ಈಜುಕೊಳಕ್ಕೂ ಅಷ್ಟೇ.

ಎರಡನೇ ವಾರ ಡಾಕ್ಟರು ಒಪ್ಪಿದರೆ ನಿಂತಲ್ಲೇ ತುಳಿಯುವ ಸೈಕಲ್. ಬೆನ್ನು ನೆಟ್ಟಗಿರಲಿ, ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿದಿರಲಿ. ಬೆವರು ಕಣ್ಣಿಗೆ ಇಳಿಯದಂತೆ ಹಣೆಗೆ ಬಟ್ಟೆ ಕಟ್ಟಿ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಒಂದು ಕಣ್ಣಿಗೆ ಹೊಸ ಲೆನ್ಸ್ ಕೂತಿದೆ, ಇನ್ನೊಂದು ಹಳೆಯ ಪವರ್‌ನಲ್ಲೇ ಇದೆ. ಎರಡರ ಚಿತ್ರ ಒಂದೇ ಅಳತೆಯಲ್ಲಿ ಬೀಳದಿದ್ದರೆ ಮಿದುಳು ಅವನ್ನು ಹೊಂದಿಸಲಾರದು, ದೂರ ಮತ್ತು ಆಳ ತಪ್ಪುತ್ತದೆ. ಹೊಸ ಕನ್ನಡಕದ ನಂಬರ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಹೊತ್ತಿಗೆ ಸಿಗುತ್ತದೆ. ನಾನೂ ಒಂದು ಕಣ್ಣಿನ ಪೊರೆ ತೆಗೆಸಿದವನೇ, ಅಂದಾಜು ತಪ್ಪುವುದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಮೂರನೇ ವಾರ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದೆ, ಧಾರೆ ಲೋಟದ ಅಂಚಿನಿಂದ ಒಂದು ಬೆರಳು ಆಚೆಗೆ, ಮೇಜಿನ ಮೇಲೆ ಬಿತ್ತು. ನೀವೂ ಚೊಂಬನ್ನು ಗೇಣೆತ್ತರದಲ್ಲಿ ಹಿಡಿದು ಹತ್ತು ಸಲ ಸುರಿದು ನೋಡಿ. ಒಂದು ಸಲ ತಪ್ಪಿದರೂ ಸೈಕಲ್ ಮುಟ್ಟಬೇಡಿ.

ನೀರು ಲೋಟಕ್ಕೇ ಬೀಳತೊಡಗಿದ ಮೇಲೆ ಕಾಫಿ ಒಣಗಿಸುವ ಕಣಕ್ಕೆ ಬನ್ನಿ. ಕೊಯ್ಲು ಮುಗಿದಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ತೆಂಗಿನ ಚಿಪ್ಪು ಕವುಚಿಟ್ಟು, ಮುಂದಿನ ಚಕ್ರ ಚಿಪ್ಪಿನಿಂದ ಒಂದು ಗೇಣು ಈಚೆಗೆ ನಿಲ್ಲುವಂತೆ ಬ್ರೇಕ್ ಹಾಕಿ. ಮೊದಲ ದಿನ ನಾನು ಒಂದೋ ಒಂದು ಮಾರು ಹಿಂದೆಯೇ ನಿಲ್ಲುತ್ತಿದ್ದೆ, ಇಲ್ಲ ಚಿಪ್ಪಿನ ಮೇಲೇ ಹತ್ತಿಸುತ್ತಿದ್ದೆ. ನಾಲ್ಕನೇ ದಿನ ಕೈ ಕೂತಿತು. ಬಲಗಡೆಯಿಂದ, ಎಡಗಡೆಯಿಂದ, ಸಂಜೆಯ ಓರೆ ಬಿಸಿಲಿನಲ್ಲಿ, ಹೀಗೆ ಎಲ್ಲ ರೀತಿಯಲ್ಲೂ ನಿಲ್ಲಿಸಲು ಬಂದ ಮೇಲೆ, ಡಾಕ್ಟರನ್ನೂ ಕೇಳಿಕೊಂಡು ರಸ್ತೆಗಿಳಿಯಿರಿ.

ಮೊದಲ ಸವಾರಿ ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿರಲಿ, ಮಡಿಕೇರಿಯ ಸುತ್ತ ಬೇಡ. ಏರು ಬಂದರೆ ಗೇರ್ ಇಳಿಸಿ, ಎದ್ದು ನಿಂತು ತುಳಿಯಬೇಡಿ, ಆಗದಿದ್ದರೆ ತಳ್ಳಿಕೊಂಡು ಹೋಗಿ. ಇಳಿಜಾರಿನಲ್ಲಿ ಮೊದಲ ಎರಡು ಸಲ ಸೈಕಲ್ ಹಿಡಿದು ನಡೆದೇ ಇಳಿಯಿರಿ, ಗುಂಡಿ ಎಲ್ಲೆಲ್ಲಿದೆ ನೋಡಿಕೊಳ್ಳಿ. ತೋಟದ ನಡುವಿನ ರಸ್ತೆಯಲ್ಲಿ ಬಿಸಿಲು ನೆರಳು ಚುಕ್ಕೆಚುಕ್ಕೆಯಾಗಿ ಬೀಳುವುದರಿಂದ ಗುಂಡಿ ನೆರಳಿನೊಳಗೆ ಅಡಗಿಬಿಡುತ್ತದೆ. ಕಪ್ಪು ಕನ್ನಡಕ ಹಾಕಿದರಂತೂ ಕಾಣುವುದೇ ಇಲ್ಲ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ನೆರಳಿಗೆ ಬಂದರೂ ತಿಳಿಯಾಗಲು ನಿಮಿಷಗಟ್ಟಲೆ ಬೇಕು, ಅಷ್ಟರಲ್ಲಿ ನೀವು ತಿರುವಿನಲ್ಲಿರುತ್ತೀರಿ. ಬದಿಯೂ ಮುಚ್ಚುವ ತಿಳಿಗಾಜಿನ ಕನ್ನಡಕ ಕೊಳ್ಳಿ, ಧೂಳು ಹುಳ ಎರಡನ್ನೂ ತಡೆಯುತ್ತದೆ. ಮಡ್‌ಗಾರ್ಡ್ ಇಲ್ಲದ ಚಂದದ ಸೈಕಲ್ಲುಗಳು ಕೆಸರನ್ನು ನೇರ ಮುಖಕ್ಕೇ ಎರಚುತ್ತವೆ. ಮೊದಲು ಮಡ್‌ಗಾರ್ಡ್ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಪರೇಷನ್ ಆದವರು ಮಳೆ ನಿಲ್ಲುವ ತನಕ ಜಗುಲಿಯಲ್ಲೇ ತುಳಿಯಿರಿ.

ನೋವು, ಹೆಚ್ಚುವ ಕೆಂಪು, ಮಂಜಾಗುವ ನೋಟ, ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಇಳಿದಂತಾಗುವುದು, ಇದರಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ಎರಡನೇ ಕಣ್ಣಿಗೂ ಆಪರೇಷನ್ ಆದರೆ ಅಂದಾಜು ಮತ್ತೆ ಬದಲಾಗುತ್ತದೆ. ಚೊಂಬು, ಲೋಟ, ಆ ತೆಂಗಿನ ಚಿಪ್ಪು ಎಸೆಯದೆ ಇಟ್ಟುಕೊಂಡಿರಿ.